ಆಟ ಕೇಳಾಕೆ ಹೋಗಾನ ಬಾ

ಏಪ್ರಿಲ್ ತಿಂಗಳಲ್ಲಿ ಬಳ್ಳಾರಿಯಲ್ಲಿ ಸಂಜೆ ಆರಕ್ಕೆ ಮನೆ ಬಿಟ್ಟು ಹೊರಡಬೇಕು ಅಂದರೆ ಗಟ್ಟಿ ಕಾರಣವೇ ಬೇಕು. ಹೊತ್ತೇನೋ ಇಳಿದಿರುತ್ತದೆ. ಆದರೆ ಬೆಳಗಿನಿಂದ ಕಾದ ಕಲ್ಲುಗುಡ್ಡ ತನ್ನ ಕಾವನ್ನು ಊರ ಮೇಲೆ ಬಿಡಲು ಶುರು ಮಾಡುವುದೇ ಆಗ. ಕೂಲರ್ ಮುಂದೆ ಕೂತವನನ್ನು ಎಬ್ಬಿಸಿದ್ದು ಆಫೀಸಿನ ವಾಟ್ಸಾಪ್ ಗುಂಪಿಗೆ ಬಂದ ಒಂದು ಕರಪತ್ರ. ತೊಗಲುಗೊಂಬೆ ಆಟ, ಲಂಕಾದಹನ, ಪ್ರವೇಶ ಉಚಿತ.

ಅದೇ ವಾರ ನನ್ನ ತಮ್ಮ ಅಮೆರಿಕದಿಂದ ಫೋನ್ ಮಾಡಿದ್ದ. ನ್ಯೂಯಾರ್ಕಿನಲ್ಲಿ ‘ಲಯನ್ ಕಿಂಗ್’ ನೋಡಿ ಬಂದಿದ್ದ. ಸಿನಿಮಾ ಅಲ್ಲ, ನಾಟಕ. 1997ರಿಂದ ಅಲ್ಲಿ ನಡೆಯುತ್ತಲೇ ಇದೆ. ಸಿಂಹ, ಜಿರಾಫೆ, ಆನೆ ಎಲ್ಲವೂ ಗೊಂಬೆ ಮತ್ತು ಮುಖವಾಡ. ಆಡಿಸುವವರೂ ಕಾಣುತ್ತಾರೆ, ಗೊಂಬೆಯೂ ಕಾಣುತ್ತದೆ. ಟಿಕೆಟ್ ಎಷ್ಟಾಯಿತು ಅಂತ ಹೇಳಿದ. ನಾನದನ್ನು ರೂಪಾಯಿಗೆ ಗುಣಿಸಿ ಸುಮ್ಮನಾದೆ. ಒಂಬತ್ತು ವರ್ಷದ ನನ್ನ ಮಗಳು ಮಾತ್ರ ಚಿಕ್ಕಪ್ಪ ಕಳಿಸಿದ ತುಣುಕುಗಳನ್ನು ನೋಡಿದ್ದೇ ನೋಡಿದ್ದು. ಹಾಗಾಗಿ ಗೊಂಬೆಯಾಟಕ್ಕೆ ಹೋಗೋಣ ಅಂದ ಕೂಡಲೇ ಅವಳ ಮೊದಲ ಪ್ರಶ್ನೆ, ‘ಇದೂ ಮ್ಯೂಸಿಕಲ್ಲಾ ಅಪ್ಪಾ?’

ಹೌದು ಅಂದೆ. ಅಂದ ಮೇಲೆ ಯೋಚನೆಗೆ ಬಿದ್ದೆ. ಹಾಡಿಲ್ಲದ ಆಟ ನಮ್ಮಲ್ಲಿ ಯಾವುದಿದೆ? ಬಯಲಾಟದಲ್ಲಿ ಹಾಡು, ದೊಡ್ಡಾಟದಲ್ಲಿ ಹಾಡು. ಕಂಪನಿ ನಾಟಕದಲ್ಲಂತೂ ರಾಜ ಸತ್ತು ಬಿದ್ದ ಮೇಲೂ ಜನ ‘ಒನ್ಸ್ ಮೋರ್’ ಕೂಗಿದರೆ ಎದ್ದು ಕೂತು ಇನ್ನೊಂದು ಸಲ ಹಾಡಿ ಮತ್ತೆ ಸಾಯುತ್ತಿದ್ದ. ಅವರು ಮ್ಯೂಸಿಕಲ್ ಅಂತ ಬೇರೆಯೇ ಹೆಸರಿಟ್ಟಿದ್ದಾರೆ ಅಂದರೆ ಹಾಡಿಲ್ಲದ ನಾಟಕವೇ ಅವರಲ್ಲಿ ಜಾಸ್ತಿ ಇರಬೇಕು.

ಆದರೆ ನನ್ನನ್ನು ಆ ಸೆಕೆಯಲ್ಲಿ ಎಬ್ಬಿಸಿದ್ದು ಇದ್ಯಾವುದೂ ಅಲ್ಲ. ನಮ್ಮಜ್ಜಿ.

ನಮ್ಮೂರು ಕುರುಗೋಡಿನ ಹತ್ತಿರ. ನಾನು ಸಣ್ಣವನಿದ್ದಾಗ ಬೇಸಿಗೆಯಲ್ಲಿ ಗೊಂಬೆ ಆಡಿಸುವವರು ಬರುತ್ತಿದ್ದರು. ಮಳೆ ಹಿಂದಕ್ಕೆ ಹೋದ ವರ್ಷ ಊರವರೇ ಹೇಳಿ ಕಳಿಸುತ್ತಿದ್ದರು. ಗೊಂಬೆ ಆಡಿಸಿದರೆ ಮಳೆ ಬರುತ್ತದೆ ಅನ್ನುವ ನಂಬಿಕೆ ಈ ಸೀಮೆಯಲ್ಲಿ ಎಲ್ಲ ಕಡೆ ಇದೆ. ವಿರಾಟ ಪರ್ವ ಆಡಿಸಿದರಂತೂ ಖಾತ್ರಿ. ಮಳೆ ಬಂತಾ ಅಂದರೆ ನನಗೆ ನೆನಪಿಲ್ಲ. ಅಜ್ಜಿಯನ್ನು ಕೇಳಿದರೆ ಪ್ರತಿ ಸಲವೂ ಬಂದಿತ್ತು.

ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಅಂದರೆ ಹೆದರಿಕೆ. ಗೊಂಬೆಯ ಬಣ್ಣ ಹೋಗಲಿ, ಪರದೆ ಯಾವ ಕಡೆ ಇದೆ ಅನ್ನುವುದೂ ಅವಳಿಗೆ ಬೆಳಕಿನ ಅಂದಾಜಿನ ಮೇಲೆಯೇ ಗೊತ್ತಾಗಬೇಕು. ಆದರೂ ರಾತ್ರಿ ಊಟ ಮುಗಿಸಿ, ಚಾಪೆ ಸುತ್ತಿ ನನ್ನ ತಲೆ ಮೇಲೆ ಹೊರಿಸಿ, ‘ಆಟ ಕೇಳಾಕೆ ಹೋಗಾನ ಬಾರಲೇ’ ಅನ್ನುತ್ತಿದ್ದಳು. ನೋಡಾಕೆ ಅಲ್ಲ, ಕೇಳಾಕೆ. ಕಣ್ಣು ಕಾಣದ್ದಕ್ಕೆ ಹಾಗೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಕಣ್ಣು ಚೆನ್ನಾಗಿದ್ದ ಅವಳ ಓರಗೆಯವರೂ ಹಾಗೇ ಹೇಳುತ್ತಿದ್ದರು.

ಗುಡಿ ಮುಂದಿನ ಕಂಬಕ್ಕೆ ಬೆನ್ನು ಕೊಟ್ಟು, ಸೆರಗು ತಲೆಗೆ ಹೊದ್ದು, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದಳು. ನಿದ್ದೆ ಹತ್ತಿತು ಅಂತ ನಾನು ಎಲೆಅಡಿಕೆ ಚೀಲದಲ್ಲಿದ್ದ ಚಿಲ್ಲರೆಗೆ ಕೈ ಹಾಕಿದರೆ ಟಪ್ ಅಂತ ಹೊಡೆತ ಬೀಳುತ್ತಿತ್ತು. ಮರುದಿನ ಬೆಳಿಗ್ಗೆ ಕಟ್ಟೆ ಮೇಲೆ ಅವಳದೇ ವಿಮರ್ಶೆ. ‘ಈ ಸಲದ ಸೀತಿ ಬರೇ ಮೂಗಿನಾಗ ಅಳ್ತಾಳೆ.’ ‘ರಾವಣಂಗೆ ನೆಗಡಿ ಆಗೈತೆ, ಪಾಪ.’ ಗೊಂಬೆಯ ಬಗ್ಗೆ ಒಂದು ಮಾತೂ ಇರುತ್ತಿರಲಿಲ್ಲ.

ಇರಲಿ, ರಂಗಮಂದಿರಕ್ಕೆ ಬರೋಣ. ಆರೂವರೆಗೆ ಅಂದಿದ್ದು ಏಳಕ್ಕೆ ಶುರುವಾಯಿತು. ಶುರುವಾದದ್ದು ಆಟವಲ್ಲ, ಭಾಷಣ. ದೀಪ, ಹಾರ, ಶಾಲು, ನೆನಪಿನ ಕಾಣಿಕೆ, ಎಲ್ಲ ಕ್ರಮವಾಗಿ ಆಯಿತು. ‘ಕಲೆ ಉಳಿಸಬೇಕು’ ಅನ್ನುವ ಮಾತು ನಾಲ್ಕು ಜನರಿಂದ ಬಂತು. ಹೇಳಿದ ನಾಲ್ಕು ಜನರಲ್ಲಿ ಮೂವರು ಆಟ ಶುರುವಾಗುವ ಮೊದಲೇ ಎದ್ದು ಹೋದರು. ಮುಕ್ಕಾಲು ಭಾಗ ಕುರ್ಚಿ ಖಾಲಿ. ಬಂದವರೂ ಬಸ್ಸಿನಲ್ಲಿ ಕೂರುವ ಹಾಗೆ ಅಲ್ಲೊಬ್ಬರು ಇಲ್ಲೊಬ್ಬರು, ಮಧ್ಯೆ ಖಾಲಿ ಸೀಟು ಬಿಟ್ಟು, ಆದಷ್ಟು ಹಿಂದೆ, ಆದಷ್ಟು ಫ್ಯಾನಿನ ಕೆಳಗೆ.

ವೇದಿಕೆ ಮೇಲೆ ಬಿಳಿ ಪರದೆ, ಸುತ್ತ ಕಪ್ಪು ಬಟ್ಟೆ. ದೀಪ ಆರಿದವು. ಪರದೆ ಹಿಂದೆ ಬೆಳಕು ಹತ್ತಿತು. ಮುಖವೀಣೆ ಕೂಗಿತು. ಗಣಪತಿ ಬಂದ.

ತೊಗಲುಗೊಂಬೆ ನೋಡದವರಿಗೆ ಹೇಳಬೇಕು. ನೆರಳಿನಾಟ ಅಂತ ಕರೆದರೂ ಇದು ಕಪ್ಪು ನೆರಳಲ್ಲ. ಆಡಿನ ಚರ್ಮ ನೆನೆಸಿ, ಕೂದಲು ತೆಗೆದು, ಕೆರೆದು ಕೆರೆದು ಬೆಳಕು ಹಾಯುವಷ್ಟು ತೆಳ್ಳಗೆ ಮಾಡುತ್ತಾರೆ. ಅದರ ಮೇಲೆ ಕೆಂಪು, ಹಸಿರು, ಕಪ್ಪು ಬಣ್ಣ. ಒಡವೆ, ಸೀರೆಯ ಅಂಚು ಎಲ್ಲ ಸಣ್ಣ ಸಣ್ಣ ತೂತುಗಳು. ಹಿಂದಿನಿಂದ ಬೆಳಕು ಬಿದ್ದಾಗ ಬಣ್ಣ ಹೊಳೆಯುತ್ತದೆ, ತೂತಿನಿಂದ ಒಡವೆ ಮಿನುಗುತ್ತದೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಗೆರೆ ಗೆರೆಯೂ ಸ್ಪಷ್ಟ. ಒಂದು ಗೇಣು ಹಿಂದಕ್ಕೆ ಎಳೆದರೆ ಮಸುಕು. ಇನ್ನೂ ಎಳೆದರೆ ಮಾಯ. ಬಾಗಿಲಿಲ್ಲ, ರೆಕ್ಕೆಯಿಲ್ಲ, ಹನುಮಂತ ಗಾಳಿಯಲ್ಲಿ ಕರಗಿ ಹೋದ ಹಾಗೇ ಕಾಣುತ್ತದೆ. ಹಿಂದೆ ಹರಳೆಣ್ಣೆ ದೀಪ ಇರುತ್ತಿತ್ತು. ಉರಿ ಅಲುಗಿದಾಗ ಸುಮ್ಮನೆ ನಿಂತ ಗೊಂಬೆಯೂ ಉಸಿರಾಡುತ್ತಿತ್ತು. ಈಗ ಬಲ್ಬು. ಬಲ್ಬಿನ ಮುಂದೆ ಗೊಂಬೆ ಚೆನ್ನಾಗಿ ಕಾಣುತ್ತದೆ, ಉಸಿರಾಡುವುದಿಲ್ಲ.

ಮಗಳು ಮೊದಲ ಹತ್ತು ನಿಮಿಷ ಬಾಯಿ ತೆರೆದು ನೋಡಿದಳು. ಆಮೇಲೆ ಎರಡೂ ಕಿವಿ ಮುಚ್ಚಿಕೊಂಡು ನೋಡಿದಳು. ಸ್ಪೀಕರಿನ ದನಿ ಅಷ್ಟಿತ್ತು. ಮದುವೆ ಮೆರವಣಿಗೆಗೆ ಹಚ್ಚುವ ಡಬ್ಬಗಳನ್ನು ತಂದು ವೇದಿಕೆಯ ಎರಡೂ ಕಡೆ ನಿಲ್ಲಿಸಿದ್ದರು. ಹಾರ್ಮೋನಿಯಂ ಎದೆಗೆ ಗುದ್ದುತ್ತಿತ್ತು. ಪದ್ಯದ ಒಂದು ಅಕ್ಷರವೂ ಬಿಡಿಸಿ ತಿಳಿಯುತ್ತಿರಲಿಲ್ಲ. ‘ಅಪ್ಪಾ, ಏನು ಹಾಡ್ತಿದ್ದಾರೆ?’ ಅಂದಳು. ರಾಮಾಯಣ ಗೊತ್ತಿದ್ದುದರಿಂದ ಏನೋ ಊಹಿಸಿ ಹೇಳಿದೆ.

ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ. ಹಾಡು ಮತ್ತು ಆಟದ ಜಗಳ ಬಳ್ಳಾರಿಗೆ ಹೊಸದಲ್ಲ. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ ಈ ಊರು ಮದರಾಸಿನ ಆಡಳಿತದಲ್ಲಿತ್ತು. ಇಲ್ಲಿ ತೆಲುಗು ನಾಟಕ ಕನ್ನಡದಷ್ಟೇ ಜೋರು. ಧರ್ಮವರಂ ರಾಮಕೃಷ್ಣಮಾಚಾರ್ಯುಲು ಇದೇ ಬಳ್ಳಾರಿಯಲ್ಲಿ ಸರಸ ವಿನೋದಿನಿ ಸಭಾ ಕಟ್ಟಿ ನಾಟಕ ಬರೆದು ಆಡಿಸಿದವರು, ತೆಲುಗು ನಾಟಕಕ್ಕೆ ಹಾಡು, ಪದ್ಯ ತುಂಬಿದವರು. ಅವರ ಸೋದರಳಿಯನೇ ನಟ ಬಳ್ಳಾರಿ ರಾಘವ, ವೃತ್ತಿಯಲ್ಲಿ ವಕೀಲರು. 1946ರಲ್ಲಿ ತೀರಿಕೊಂಡರು. ಅವರ ಹೆಸರಿನ ಕಲಾಮಂದಿರ ಊರಿನಲ್ಲಿದೆ. ರಾಘವ ಸಹಜವಾಗಿ ನಟಿಸಬೇಕು ಅಂದವರು. ಅಳುವ ಜಾಗದಲ್ಲಿ ರಾಗ ಎಳೆಯುತ್ತಾ ನಿಲ್ಲುವುದು ಅವರಿಗೆ ಆಗಿಬರುತ್ತಿರಲಿಲ್ಲ. ಮಾವ ಹಾಡು ತಂದರು, ಅಳಿಯ ಹಾಡು ಸಾಕು ಅಂದರು. ಆ ಸಂಜೆ ಕಿವಿ ಮುಚ್ಚಿಕೊಂಡ ಮಗಳ ಪಕ್ಕ ಕೂತು ನಾನು ಅಳಿಯನ ಪಕ್ಷಕ್ಕೆ ಸೇರಿದ್ದೆ.

ಆದರೆ ಗೊಂಬೆಗೆ ಅಳಿಯನ ದಾರಿ ನಡೆಯುವುದಿಲ್ಲ. ಮನುಷ್ಯನಾದರೆ ಹುಬ್ಬು ಕುಣಿಸಬಹುದು, ತುಟಿ ಕಚ್ಚಬಹುದು. ತೊಗಲಿನ ಸೀತೆಗೆ ಇರುವುದು ಒಂದೇ ಮುಖ. ಅದೂ ಪಕ್ಕದಿಂದ ಕಾಣುವ ಮುಖ, ಒಂದು ದೊಡ್ಡ ಕಣ್ಣು. ನಗುವಾಗಲೂ ಅದೇ ಕಣ್ಣು, ಅಳುವಾಗಲೂ ಅದೇ. ಮುಖ ಮಾಡಲಾಗದ್ದನ್ನು ಗಂಟಲು ಮಾಡಬೇಕು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಂಗದ ನಟರಾಗಿದ್ದು ಆಮೇಲೆ ತೊಗಲುಗೊಂಬೆಗೆ ಬಂದವರು. ಸ್ವಾತಂತ್ರ್ಯ ಹೋರಾಟವನ್ನೂ ಗಾಂಧಿಯನ್ನೂ ತೊಗಲಿನಲ್ಲಿ ಕೊರೆಸಿ ಆಡಿಸಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪದವಿ ಅವರಿಗೆ ಬಂದಿತ್ತು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಕಂಪನಿ ನಾಟಕ ನೋಡಿ ಬೆಳೆದ ನಮ್ಮಂಥವರಿಗೆ ಅವರ ಗೊಂಬೆಗಳು ಹತ್ತಿರ ಅನ್ನಿಸಿದ್ದು ದನಿಯಿಂದಲೇ. ಗಾಂಧಿಯ ಗೊಂಬೆಗೂ ಒಂದೇ ಮುಖ ತಾನೇ?

ಸರಿ. ಪರದೆ ಮೇಲೆ ಅಶೋಕವನ. ಸೀತೆ ಕೂತಿದ್ದಾಳೆ. ಹನುಮಂತ ಮರದ ಮೇಲೆ. ಆಗ ಮೈಕು ಕುಂಯ್ ಅಂತ ಕಿರುಚಿತು. ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ ಫಟ್ ಅಂತು. ಎರಡೂ ಡಬ್ಬ ಸತ್ತವು.

ಮೈಕಿನ ಹುಡುಗ ಮೊಬೈಲಿನ ಬೆಳಕು ಹಿಡಿದು ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಿದ. ವೈರು ಎಳೆದ, ಬಿಟ್ಟ. ಪರದೆ ಮೇಲೆ ಸೀತೆ ಕೂತೇ ಇದ್ದಳು. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಇನ್ನು ಎದ್ದು ಹೋಗೋಣವಾ ಅಂತ ಹೆಂಡತಿ ಕಣ್ಣಲ್ಲೇ ಕೇಳಿದಳು. ಹೊರಗೆ ಮಿರ್ಚಿ ಗಾಡಿ ಇತ್ತು. ವಾಸನೆ ಒಳಗೇ ಬರುತ್ತಿತ್ತು.

ಅಷ್ಟರಲ್ಲಿ ಪರದೆ ಹಿಂದಿನಿಂದ ಒಂದು ಹೆಣ್ಣು ದನಿ ಏನೋ ಹಾಡಿದ ಹಾಗಾಯಿತು. ಫ್ಯಾನುಗಳ ಗರಗರದಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ. ಮುಂದಿನ ಸಾಲಿನಲ್ಲಿದ್ದ ಪಟಗದ ಹಿರಿಯರೊಬ್ಬರು ಎದ್ದು ನಿಂತು ಹಿಂದಕ್ಕೆ ತಿರುಗಿ ಕೂಗಿದರು, ‘ಏ ತಮ್ಮಾ, ಫ್ಯಾನ್ ಬಂದ್ ಮಾಡಲೇ!’

ಏಪ್ರಿಲ್ ತಿಂಗಳು. ಬಳ್ಳಾರಿ. ಫ್ಯಾನ್ ಬಂದ್ ಮಾಡು ಅಂತ ಒಬ್ಬ ಮನುಷ್ಯ ತನ್ನ ಬಾಯಾರೆ ಹೇಳಿದ್ದನ್ನು ನಾನು ನನ್ನ ಜೀವಮಾನದಲ್ಲಿ ಮೊದಲ ಸಲ ಕೇಳಿದೆ. ಯಾರಾದರೂ ಬೈಯುತ್ತಾರೆ ಅಂದುಕೊಂಡೆ. ಯಾರೂ ಬೈಯಲಿಲ್ಲ. ಯಾರೋ ಹೋಗಿ ಸ್ವಿಚ್ಚು ಒತ್ತಿದರು. ಒಂದೊಂದೇ ಫ್ಯಾನ್ ನಿಧಾನವಾಗಿ ನಿಂತಿತು. ಆಗ ಬಂದ ನಿಶ್ಶಬ್ದದಲ್ಲಿ ಆ ದನಿ ಪೂರ್ತಿ ಕೇಳಿಸಿತು.

ವಯಸ್ಸಾದ ದನಿ. ಮೇಲಿನ ಸ್ವರಕ್ಕೆ ಹೋದಾಗ ಸ್ವಲ್ಪ ಒಡೆಯುತ್ತಿತ್ತು. ಒಡೆದಲ್ಲೇ ನಿಂತು ಉಸಿರು ತಗೊಂಡು ಮತ್ತೆ ಹಿಡಿಯುತ್ತಿತ್ತು. ಹಾರ್ಮೋನಿಯಂನವರು ತಮ್ಮ ಸದ್ದು ತಗ್ಗಿಸಿದರು. ಹಿಂದೆ ಕೂತಿದ್ದವರು ಒಬ್ಬೊಬ್ಬರೇ ಎದ್ದು ಮುಂದೆ ಬಂದರು. ಕುರ್ಚಿ ಬಿಟ್ಟು ವೇದಿಕೆಯ ಬುಡದಲ್ಲಿ ನೆಲದ ಮೇಲೆ ಕೂತರು. ನಾವೂ ಹೋಗಿ ಕೂತೆವು. ಆಹ್ವಾನ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುವ ಸಣ್ಣ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಸೀತೆ ಕೇಳಿದಳು, ನೀನು ಯಾರಪ್ಪ, ಎಲ್ಲಿಂದ ಬಂದೆ ಅಂತ. ಹನುಮಂತ ಅಂದ, ‘ಕಿಷ್ಕಿಂಧೆಯಿಂದ ಬಂದೀನಿ ತಾಯೀ.’ ನೆಲದ ಮೇಲಿಂದ ಒಬ್ಬರು ಪಟ್ಟನೆ, ‘ಗಂಗಾವತಿ ಬಸ್ಸಿಗೇನೋ?’ ಅಂದರು. ಎಲ್ಲರೂ ನಕ್ಕರು. ಕಿಷ್ಕಿಂಧೆ ಅಂದರೆ ನಮಗೆ ಆನೆಗೊಂದಿ. ಅಂಜನಾದ್ರಿ ಬೆಟ್ಟ ಅಲ್ಲೇ ಇದೆ. ಹನುಮಂತ ನಮಗೆ ಪಕ್ಕದ ತಾಲ್ಲೂಕಿನ ಹುಡುಗ. ಪರದೆ ಹಿಂದಿನವರು ಮಾತು ಬಿಡಲಿಲ್ಲ. ಗೊಂಬೆಯಾಟದ ಹಾಸ್ಯಗಾರ ಕಿಳ್ಳೇಕ್ಯಾತ ಕಥೆಯಲ್ಲೇ ಇಲ್ಲದ ಜಾಗದಲ್ಲಿ ಕುಣಿದುಕೊಂಡು ಬಂದ. ಕಪ್ಪು ಮೈ, ಮುಂದೆ ಬಂದ ಹೊಟ್ಟೆ. ‘ಬಸ್ ಸಿಗ್ಲಿಲ್ರೀ, ಅದಕ್ಕ ಹಾರಿ ಬಂದಾನ’ ಅಂದ. ಬೆನ್ನಿಗೇ ಅವನ ಹೆಂಡತಿ ಬಂಗಾರಕ್ಕ ಬಂದು ಅವನಿಗೆ ನಾಲ್ಕು ಬಿಗಿದಳು. ಆಮೇಲಿನ ಮಾತುಗಳನ್ನು ಬರೆಯುವ ಹಾಗಿಲ್ಲ. ಮಗಳು ಅರ್ಥ ಕೇಳಿದಳು. ನನಗೂ ಗೊತ್ತಿಲ್ಲ ಅಂದೆ.

ನಡುವೆ ಒಂದಿಷ್ಟು ಹೊತ್ತು ನಾನೂ ಕಣ್ಣು ಮುಚ್ಚಿದೆ. ಸೀತೆ ಚೂಡಾಮಣಿ ತೆಗೆದುಕೊಡುವ ಪದ್ಯ. ಗೊಂಬೆ ಆಗ ಏನು ಮಾಡುತ್ತಿತ್ತೋ ನಾನು ನೋಡಲಿಲ್ಲ. ಪರದೆ ಹಿಂದೆ ಹಾಡುತ್ತಿದ್ದ ಅಜ್ಜಿ ಮೂಗಿನಲ್ಲಿ ಅಳುತ್ತಿರಲಿಲ್ಲ. ಅಳುತ್ತಲೇ ಇರಲಿಲ್ಲ. ಸಂತೆಗೆ ಹೊರಟ ಮಗನ ಕೈಯಲ್ಲಿ ಚೀಟಿ ಇಟ್ಟು ‘ಮರೀಬೇಡ ನೋಡು’ ಅನ್ನುವ ಹಾಗೆ ಹಾಡಿದರು. ನಮ್ಮಜ್ಜಿ ಕಟ್ಟೆ ಮೇಲೆ ಕೂತು ಈ ಸೀತೆಗೆ ಏನನ್ನುತ್ತಿದ್ದಳೋ ಅಂತ ಯೋಚಿಸಿದೆ. ತೊಡೆಗೆ ಏನೋ ಚುಚ್ಚಿತು. ಹೆಂಡತಿಯ ಬೆರಳು. ‘ನಿದ್ದೆ ಮಾಡ್ಬೇಡ್ರೀ, ಗೊರಕೆ ಹೊಡಿತೀರಿ.’

ಹತ್ತು ಹದಿನೈದು ನಿಮಿಷಕ್ಕೆ ಮೈಕು ಸರಿಯಾಯಿತು. ಹುಡುಗ ಹೆಬ್ಬೆಟ್ಟು ತೋರಿಸಿದ. ಮೈಕು ಬೇಡ, ಹಾಗೇ ನಡೀಲಿ ಅಂತ ಯಾರಾದರೂ ಅನ್ನುತ್ತಾರೇನೋ ಅಂತ ಕಾದೆ. ಒಬ್ಬಿಬ್ಬರು ಅಂದರು ಕೂಡ. ಆದರೆ ಹೊತ್ತಾಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ‘ಫ್ಯಾನ್ ಹಾಕ್ರಪ್ಪೋ’ ಅನ್ನುವ ಕೂಗು ಅದಕ್ಕಿಂತ ಜೋರಾಗಿ ಬಂತು. ಫ್ಯಾನೂ ಬಂತು, ಮೈಕೂ ಬಂತು. ಫ್ಯಾನ್ ಬಂದಾಗ ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಈ ಸಲ ಹುಡುಗ ಸದ್ದು ಅರ್ಧಕ್ಕೆ ಇಟ್ಟಿದ್ದ. ಲಂಕೆ ಸುಟ್ಟಿತು. ಹನುಮಂತನ ಬಾಲ ಪರದೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಒಂದೂವರೆ ಗಂಟೆಯೊಳಗೆ ಎಲ್ಲ ಮುಗಿಯಿತು. ನಮ್ಮೂರಿನಲ್ಲಾದರೆ ಅಷ್ಟು ಹೊತ್ತಿಗೆ ಹನುಮಂತ ಇನ್ನೂ ಸಮುದ್ರದ ಮೇಲೆ ಇರುತ್ತಿದ್ದ.

ಮಗಳಿಗೆ ಪರದೆಯ ಹಿಂದೆ ಹೋಗಲೇಬೇಕಿತ್ತು. ಕೇಳಿದೆವು. ‘ಬರ್ರಿ, ಬರ್ರಿ’ ಅಂದರು.

ಕೊಪ್ಪಳ ಕಡೆಯವರು. ಒಂದೇ ಮನೆಯ ಆರು ಜನ. ಮುಂದೆ ಅಷ್ಟು ದೊಡ್ಡ ಲಂಕೆ ಕಂಡಿದ್ದು, ಹಿಂದೆ ನೋಡಿದರೆ ಒಂದು ಸಣ್ಣ ಅಡುಗೆಮನೆಯಷ್ಟು ಜಾಗ. ಹಗ್ಗಕ್ಕೆ ಸಾಲಾಗಿ ಗೊಂಬೆಗಳು ನೇತಾಡುತ್ತಿದ್ದವು. ಹಾಡಿದ ಅಜ್ಜಿ ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಅವರ ಸೊಸೆ ಗೊಂಬೆಗಳನ್ನು ಒಂದರ ಮೇಲೊಂದು ಪೇರಿಸಿ ಪೆಟ್ಟಿಗೆಗೆ ಹಾಕುತ್ತಿದ್ದಳು. ಅವರ ಮನೆಮಾತು ಬೇರೆ, ಮರಾಠಿಯ ಹಾಗೆ ಕೇಳುತ್ತದೆ. ಪರದೆ ಹಿಂದೆ ನಿಂತರೆ ಕನ್ನಡ. ಬಳ್ಳಾರಿಯಲ್ಲಿ ಆಡಿಸುವಾಗ ನಡುವೆ ನಾಲ್ಕು ತೆಲುಗು ಮಾತೂ ಸೇರಿಸುತ್ತಾರೆ.

ಕೊಪ್ಪಳ ಅಂದ ಕೂಡಲೇ ನನಗೆ ನೆನಪಾದದ್ದು ತೊಗಲುಗೊಂಬೆ ಆಡಿಸುವ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ. 2025ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ವಯಸ್ಸು 96. ಅದನ್ನು ಹೇಳಿದೆ. ಚಹಾ ಕುಡಿಯುತ್ತಿದ್ದ ಅಜ್ಜಿ ಲೋಟ ಕೆಳಗಿಟ್ಟು ಎರಡೂ ಕೈ ಎತ್ತಿ ಮುಗಿದರು. ಅಷ್ಟೇ. ಬೇರೆ ಏನೂ ಅನ್ನಲಿಲ್ಲ.

‘ಮೈಕ್ ಇಲ್ದಾಗ ಚಲೋ ಕೇಳಿಸ್ತಮ್ಮಾ’ ಅಂದೆ.

‘ಮೈಕ್ ಬಂದ ಮ್ಯಾಲೆ ನಮ್ಮ ಗಂಟಲು ಸಣ್ಣ ಆತ್ರಿ’ ಅಂದರು. ‘ನಮ್ಮತ್ತಿ ಹಾಡಿದ್ರ ಆಚೆ ಓಣಿಗೆ ಕೇಳ್ತಿತ್ತು. ನನಗ ಮೂರು ಸಾಲಿನ ತನಾ ಬರ್ತದ. ಇಕಿಗೆ ನೋಡ್ರಿ, ಮೈಕ್ ಬೇಕಾಬೇಕು.’ ಸೊಸೆ ನಕ್ಕಳು. ಸಿಟ್ಟು ಮಾಡಿಕೊಳ್ಳಲಿಲ್ಲ. ದಿನಾ ಕೇಳುವ ಮಾತು ಅನ್ನಿಸಿತು.

ಮಗಳ ಕಣ್ಣು ನೆಲದ ಮೇಲಿದ್ದ ಒಂದು ಹಲಗೆಯ ಮೇಲೆ ಬಿತ್ತು. ಏನಿದು ಅಂದಳು. ‘ತುಳಿ ನೋಡವ್ವ’ ಅಂದರು ಅಜ್ಜಿ. ತುಳಿದಳು. ಧಡ್ ಅಂತು. ಆಟದಲ್ಲಿ ರಾವಣನ ಮಗ ಅಕ್ಷಕುಮಾರ ಬಿದ್ದಾಗ, ಹನುಮಂತ ಕಂಬ ಕಿತ್ತಾಗ ಬಂದ ಸದ್ದೆಲ್ಲ ಇದೇ. ಕೈಯಲ್ಲಿ ಎರಡು ಗೊಂಬೆ, ಬಾಯಲ್ಲಿ ಪದ್ಯ, ಕಾಲಲ್ಲಿ ಯುದ್ಧ. ಮೂರನ್ನೂ ಒಬ್ಬನೇ ಮಾಡಬೇಕು. ಜಾವಾ ದ್ವೀಪದ ತೊಗಲುಗೊಂಬೆಯಲ್ಲೂ ಆಡಿಸುವವನು ಕಾಲಿನಿಂದ ಲೋಹದ ತಗಡು ಬಡಿಯುತ್ತಾನೆ. ಅದಕ್ಕೆ ಅಲ್ಲಿ ವಯಾಂಗ್ ಕುಲಿತ್ ಅನ್ನುತ್ತಾರೆ. ಕುಲಿತ್ ಅಂದರೆ ತೊಗಲು. ತಮ್ಮ ನೋಡಿ ಬಂದ ‘ಲಯನ್ ಕಿಂಗ್’ ನಿರ್ದೇಶಿಸಿದ ಜೂಲಿ ಟೇಮರ್ ಅದಕ್ಕೂ ಮೊದಲು ಇಂಡೊನೇಷ್ಯಾದಲ್ಲಿ ಕೆಲವು ವರ್ಷ ಇದ್ದು ಗೊಂಬೆಯಾಟ ನೋಡಿ ಕಲಿತವರು. ಇದನ್ನು ತಮ್ಮನಿಗೆ ಮೆಸೇಜ್ ಮಾಡಿದೆ. ಹೆಬ್ಬೆಟ್ಟಿನ ಚಿತ್ರ ಬಂತು.

ಅಜ್ಜಿ ಕಿಳ್ಳೇಕ್ಯಾತನನ್ನು ಮಗಳ ಕೈಗೆ ಕೊಟ್ಟರು. ಬೆಳಕಿಲ್ಲದೆ ಅವನು ಮಂಕಾಗಿದ್ದ, ಒಣಗಿದ ಹಪ್ಪಳದ ಹಾಗೆ. ಕೋಲು ತಿರುಗಿಸಿದರೆ ಕೈ ಆಡಿತು. ‘ಮಾತಾಡಸು’ ಅಂದರು. ಮಗಳು ನಾಚಿಕೊಂಡು ಸುಮ್ಮನೆ ನಿಂತಳು. ‘ನೀ ಮಾತಾಡಲಿಲ್ಲಂದ್ರ ಅವ ಬರೇ ತೊಗಲ ನೋಡವ್ವ’ ಅಂದು ತಾವೇ ಅವನ ದನಿಯಲ್ಲಿ ಮಗಳ ಹೆಸರು ಕೇಳಿದರು. ಈಗ ತಾನೇ ಸೀತೆಯಾಗಿ ಹಾಡಿದ್ದ ಅದೇ ಗಂಟಲು. ಮಗಳು ಅಜ್ಜಿಯ ಮುಖ ನೋಡಲಿಲ್ಲ. ಗೊಂಬೆಗೇ ಹೆಸರು ಹೇಳಿದಳು.

ಹೊರಗೆ ಬಂದು ಒಗ್ಗಾಣಿ, ಮಿರ್ಚಿ ತಿಂದೆವು. ಮಿರ್ಚಿ ಆರಿಹೋಗಿತ್ತು. ಒಂಬತ್ತೂವರೆಗೆ ಮನೆ ಸೇರಿದೆವು.

ನಾವಿರುವುದು ಬಾಡಿಗೆ ಮನೆ, ಮೊದಲ ಮಹಡಿ. ಕೆಳಗೆ ಮಾಲೀಕರು. ಕೈಕಾಲು ತೊಳೆದು ಬರುವಷ್ಟರಲ್ಲಿ ಮಗಳು ರೊಟ್ಟಿ ತಟ್ಟುವ ಹಲಗೆಯನ್ನು ನೆಲಕ್ಕಿಟ್ಟು, ಅದರ ಮೇಲೆ ನಿಂತು, ಕೈಯಲ್ಲಿ ರಟ್ಟಿನ ಹನುಮಂತ ಹಿಡಿದಿದ್ದಳು. ಪದ್ಯ ಅರ್ಧ ಆ ಅಜ್ಜಿಯದು, ಅರ್ಧ ಇವಳದೇ. ಸಾಲು ಮುಗಿದ ಕೂಡಲೇ ಎರಡೂ ಕಾಲು ಎತ್ತಿ ಹಾರಿದಳು. ಧಡಾರ್!

ಕೆಳಗಿನ ಬಾಗಿಲು ತೆಗೆದ ಸದ್ದು. ‘ಏನ್ರೀ ಸಾರ್, ಮೇಲೆ ಏನ್ ಬಿತ್ತು?’

ನಾನು ಕ್ಷಮೆ ಕೇಳಲು ಬಾಯಿ ತೆಗೆಯುವ ಮೊದಲೇ ಮಗಳು ಕಿಟಕಿಗೆ ಓಡಿದಳು.

‘ಅಕ್ಷಕುಮಾರ ಬಿದ್ದ, ಅಂಕಲ್!’